ಹಾಲಿನ ಟೆವ್ಯೆ ನಮ್ಮ ಜಗಲಿಗೆ ಬಂದದ್ದು

ನಮ್ಮ ಕಡೆ ನಾಟಕದ ಮೇಷ್ಟ್ರು ಅಂದರೆ ಹಾರ್ಮೋನಿಯಂ ಮೇಷ್ಟ್ರೇ. ತಮಿಳುನಾಡಿನ ಗಡಿಯ ತಳಿ, ಡೆಂಕಣಿಕೋಟೆ, ಬಾಗಲೂರು ಸುತ್ತಿನ ಹಳ್ಳಿಗಳಲ್ಲಿ ಯಾವ ಊರಿನವರು ಕುರುಕ್ಷೇತ್ರ ಆಡಬೇಕು ಅಂದುಕೊಂಡರೂ ಮೊದಲು ಹುಡುಕುವುದು ಅವರನ್ನು. ಅವರು ಬಂದು ತಿಂಗಳುಗಟ್ಟಲೆ ಊರಲ್ಲೇ ಉಳಿದು, ರಾಗಿ ಹೊಲದಿಂದ ಬಂದವರ ಗಂಟಲನ್ನು ಕಂದಪದ್ಯಕ್ಕೂ ಸೀಸಪದ್ಯಕ್ಕೂ ಹದ ಮಾಡುತ್ತಾರೆ. ನಮ್ಮೂರಿಗೆ ಬರುತ್ತಿದ್ದ ಮೇಷ್ಟ್ರಿಗೆ ಕನ್ನಡದ ಕುರುಕ್ಷೇತ್ರವೂ ಬಾಯಿಗೆ ಬರುತ್ತಿತ್ತು, ತೆಲುಗಿನ ಹರಿಶ್ಚಂದ್ರನೂ ಬರುತ್ತಿತ್ತು. ಧರ್ಮರಾಯಸ್ವಾಮಿ ಗುಡಿಯ ಮುಂದೆ ತಮಿಳಿನವರು ಭಾರತದ ಕೂತ್ತು ಕಟ್ಟಿದರೆ ಅಲ್ಲೂ ಹೋಗಿ, ಮಣ್ಣಿನಲ್ಲಿ ಮಲಗಿಸಿದ ದುರ್ಯೋಧನನ ಬೊಂಬೆಯ ಪಕ್ಕ ಬೆಳಗಿನವರೆಗೂ ಕೂತಿರುತ್ತಿದ್ದರು. ಮೂರು ಭಾಷೆಯಲ್ಲೂ ಅಳುವವರು ಅವರು. ಕಣ್ಣು ಮಂಜಾದ ಮೇಲೆ ಅವರಿಗೆ ಪೇಪರ್ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ನಾನು ತುಂಬಾ ಇಷ್ಟಪಟ್ಟು ಮಾಡುತ್ತಿದ್ದೆ.

2022ರ ಆಷಾಢ. ಆಗ ತಾನೇ ಹುಟ್ಟಿದ ಆಷಾಢದ ಗಾಳಿ ಬೀಸುತ್ತಿತ್ತು. ನಮ್ಮಲ್ಲಿ ಆ ಗಾಳಿ ಬಂದರೆ ಹೊಸೂರಿನ ಕಡೆಯಿಂದ ಚಳಿ ಕೈಹಿಡಿದುಕೊಂಡೇ ಬರುತ್ತದೆ. ಹೆಂಗಸರು ಸೆರಗನ್ನು ತಲೆಗೆ ಎಳೆದುಕೊಂಡು ಕೂರುತ್ತಾರೆ. ಕರೆಂಟು ಮೊದಲು ಹೋಯಿತೋ ಜಡಿಮಳೆ ಮೊದಲು ಶುರುವಾಯಿತೋ ಈಗ ನೆನಪಿಗೆ ಬರುತ್ತಿಲ್ಲ. ಒಟ್ಟಿನಲ್ಲಿ ಕತ್ತಲಾಗಿತ್ತು, ಬೀದಿಯ ಜನ ಒಬ್ಬೊಬ್ಬರಾಗಿ ನಮ್ಮ ಜಗಲಿ ಸೇರಿದ್ದರು. ಒಳಗೆ ಹುರಳಿಕಾಳಿನ ಬಸ್ಸಾರು ಕುದಿಯುತ್ತಿತ್ತು. ಆ ವಾಸನೆ ಹೇಳುವುದು ಕಷ್ಟ, ಉಂಡವರಿಗೆ ಗೊತ್ತು. ಬುಟ್ಟಿಯಲ್ಲಿ ನೀಲಂ ಮಾವು ಉಳಿದಿತ್ತು. ಕೃಷ್ಣಗಿರಿ ಕಡೆಯ ಗಿಣಿಮೂತಿ ಮಾವೆಲ್ಲ ಲಾರಿ ಹತ್ತಿ ತಿರುಳಿನ ಫ್ಯಾಕ್ಟರಿಗೆ ಹೋದ ಮೇಲೆ, ಕೊನೆಗೆ ಮನೆಮಂದಿಗೆ ಉಳಿಯುವುದು ಈ ನೀಲಮ್ಮೇ. ಅವ್ವ ಅದನ್ನು ಕೊಯ್ಯದೆ, ಹಿಸುಕಿ ತಿನ್ನಬೇಕು ಅನ್ನುವವಳು. ಅವ್ವ ಅಂದರೆ ನನ್ನ ತಾಯಿಯ ತಾಯಿ. ಬೀದಿಗೆಲ್ಲ ಅವಳು ಅವ್ವನೇ.

ಬ್ಯಾಟರಿ ಬೆಳಕಿನಲ್ಲಿ ಪೇಪರ್ ತಿರುಗಿಸುವಾಗ ಆ ಸುದ್ದಿ ಕಂಡಿತು. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ನಡೆಯುತ್ತಿದ್ದ ನಾಟಕವನ್ನು ಬಜರಂಗ ದಳದ ಕಾರ್ಯಕರ್ತರು ಬಂದು ಅರ್ಧಕ್ಕೇ ನಿಲ್ಲಿಸಿದರು, ಮುಸ್ಲಿಂ ಕುಟುಂಬದ ಕಥೆ ಅನ್ನುವುದು ಅವರ ತಕರಾರು. ನಾಟಕದ ಹೆಸರು ‘ಜತೆಗಿರುವನು ಚಂದಿರ’, ಕನ್ನಡಕ್ಕೆ ತಂದವರು ಜಯಂತ ಕಾಯ್ಕಿಣಿ.

ಮೇಷ್ಟ್ರು ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: “ಗಣಪತಿ ಸ್ತುತಿ ಹಾಡಿದ್ರಾ?”

ಆ ಬಗೆಯ ನಾಟಕದಲ್ಲಿ ಅದು ಇರುತ್ತದೋ ಇಲ್ಲವೋ, ನಾನು ಸುಮ್ಮನಿದ್ದೆ.

“ಸ್ತುತಿ ಆಡಿದ್ಮೇಲೆ ಮಂಗಳ ಆಡ್ಲೇಬೇಕು ಕಣಪ್ಪ. ನೋಡೋರು ಇಬ್ರೇ ಇರ್ಲಿ, ಮಳೆ ಉಯ್ಯಲಿ. ಮುಖಕ್ಕೆ ಬಣ್ಣ ಅಚ್ಚಿದೋನ್ನ ಅರ್ಧಕ್ಕೆ ಎಬ್ಬಿಸಬಾರ್ದು.” ಅವರಿಗೆ ಅದು ಶಾಸ್ತ್ರ. ಒಂದು ಸಲ ಆನೆ ಬಂದಿತ್ತಂತೆ. ತಳಿಯ ಕಾಡಂಚಿನ ಊರುಗಳಲ್ಲಿ ಆನೆ ರಾಗಿ ಕಾಲದಲ್ಲಿ ಬರುವುದೇ. ಜನ ಎದ್ದು ತಮಟೆ ಬಡಿದು ಅದನ್ನು ಅಟ್ಟಿ, ವಾಪಸ್ಸು ಬಂದು ಕೂತು ಗದಾಯುದ್ಧದಿಂದ ಮುಂದುವರಿಸಿದರಂತೆ. ಅಷ್ಟು ಹೊತ್ತೂ ಭೀಮನ ವೇಷದವನು ಗದೆ ಹಿಡಿದು ರಂಗದ ಮೇಲೇ ನಿಂತಿದ್ದನಂತೆ. ಇದನ್ನು ಹೇಳುವಾಗ ಮೇಷ್ಟ್ರ ದನಿ ನಡುಗಿತು.

“ಏನೈತೆ ಆ ಕಥೇಲಿ? ನೀನು ಓದಿದ್ರೆ ಹೇಳು” ಅಂದರು.

ಓದಿದ್ದೆ. ಕಾಯ್ಕಿಣಿಯವರ ನಾಟಕದ ಹಿಂದೆ ಇರುವುದು ಜೋಸೆಫ್ ಸ್ಟೈನ್ ಬರೆದ ಅಮೆರಿಕದ ಸಂಗೀತ ನಾಟಕ ‘ಫಿಡ್ಲರ್ ಆನ್ ದಿ ರೂಫ್’. ಅದರ ಹಿಂದೆ ಇರುವುದು ಯಿಡ್ಡಿಷ್ ಭಾಷೆಯ ಶೋಲೆಮ್ ಅಲೈಖೆಮ್ ಬರೆದ ಹಾಲಿನ ಟೆವ್ಯೆಯ ಕಥನ. ಆ ಪುಸ್ತಕವನ್ನು ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಇಂಗ್ಲಿಷಿನಲ್ಲಿ ಓದಿ, ಆ ಮನುಷ್ಯನನ್ನು ಅಂದಿನಿಂದ ಜೊತೆಯಲ್ಲೇ ಇಟ್ಟುಕೊಂಡಿದ್ದೆ. ಹೀಗಾಗಿ ಬೇರಿನಿಂದಲೇ ಶುರುಮಾಡಿದೆ. ಅಲ್ಲಿಂದ ಆ ರಾತ್ರಿ ಎಲ್ಲಿಗೋ ಹೋಯಿತು.

ಒಬ್ಬ ಹಾಲಿನವನು ಇದ್ದ, ಅಂದೆ. ರಷ್ಯಾದ ಚಕ್ರವರ್ತಿ ಆಳುತ್ತಿದ್ದ ಉಕ್ರೇನಿನ ಒಂದು ಹಳ್ಳಿ. ಕುದುರೆ ಗಾಡಿಯಲ್ಲಿ ಹಾಲು, ಬೆಣ್ಣೆ, ಗಿಣ್ಣು ಹಾಕಿಕೊಂಡು ಊರೂರು ಮಾರುತ್ತಿದ್ದ.

“ಎಷ್ಟು ಹಸ?” ಅವ್ವ ಕೇಳಿದಳು.

ಕಥೆಯಲ್ಲಿ ಕೆಲವು ಇದ್ದವು, ಒಂದು ಹಸುವಿನ ಮೇಲಂತೂ ಅವನಿಗೆ ಪ್ರಾಣ ಅಂದೆ. ಅವ್ವ ತಲೆಯಾಡಿಸಿದಳು. ನಮ್ಮೂರಿಂದ ಬೆಳಗಿನ ಜಾವ ಹಾಲಿನ ಕ್ಯಾನು ಹೊತ್ತ ವ್ಯಾನು ಹೋಗುವುದನ್ನು ಹುಟ್ಟಿದಂದಿನಿಂದ ಕಂಡ ಮನೆ ನಮ್ಮದು. ಹಾಲಿನವನ ಕಷ್ಟ ಏನೆಂದು ನಾನು ವಿವರಿಸುವ ಅಗತ್ಯವೇ ಬರಲಿಲ್ಲ. ಫ್ಯಾಟ್ ಕಡಿಮೆ ಬಂತು ಅಂತ ಯಾರಾದರೂ ದುಡ್ಡು ಹಿಡಿದರಾ ಅಂತಲೂ ಕೇಳಿದಳು.

ಅವನ ಜನ ಯಹೂದಿಗಳು. ಪೂಜೆಗೆ ಹೀಬ್ರೂ, ಮನೆಗೆ ಸಂತೆಗೆ ಯಿಡ್ಡಿಷ್. ಜರ್ಮನ್ನಿನ ಮೈಗೆ ಹೀಬ್ರೂ ಲಿಪಿ ತೊಡಿಸಿ, ಸ್ಲಾವ್ ಮಾತುಗಳನ್ನು ಬೆರೆಸಿ ಬೆಳೆದ ಭಾಷೆ ಅದು. ಇದನ್ನು ಬೇರೆ ಕಡೆ ಹೇಳಿದರೆ ಜನ ಹುಬ್ಬೇರಿಸುತ್ತಾರೆ. ನಮ್ಮ ಜಗಲಿಯಲ್ಲಿ ಯಾರೂ ಏರಿಸಲಿಲ್ಲ. ಕನ್ನಡದಲ್ಲಿ ಜಗಳ ಶುರುಮಾಡಿ, ತೆಲುಗಿನಲ್ಲಿ ವೇಮನನ ಮಾತು ಹೇಳಿ ಬುದ್ಧಿ ಕಲಿಸಿ, ತಮಿಳಿನಲ್ಲಿ ಅರ್ಜಿ ಬರೆಯುವವರು ನಾವು. ನಮ್ಮ ಮನೆ ಕದಲದೆ ಕೂತಲ್ಲೇ ಕೂತಿದೆ. ಜಿಲ್ಲೆ ಮಾತ್ರ ಸೇಲಂ ಇದ್ದದ್ದು 1965ರಲ್ಲಿ ಧರ್ಮಪುರಿ ಆಯಿತು, 2004ರಲ್ಲಿ ಕೃಷ್ಣಗಿರಿ ಆಯಿತು. 2006ರ ತಮಿಳು ಕಲಿಕೆಯ ಕಾಯ್ದೆ ಬಂದಮೇಲೆ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಓದುತ್ತಾರೆ, ಕಥೆ ಮಾತ್ರ ಅಜ್ಜಿಯ ಬಾಯಲ್ಲಿ ಕನ್ನಡದಲ್ಲೇ ಕೇಳುತ್ತಾರೆ. ಎರಡೂ ಬರಲಿ, ಬೇಡ ಅನ್ನುವವನು ನಾನಲ್ಲ. ಆದರೆ ಮನೆಮಾತು ಮನೆಯೊಳಗೇ ಉಳಿದುಬಿಟ್ಟರೆ ಅದರಲ್ಲಿ ನಾಟಕ ಬರೆಯುವವರು ಎಲ್ಲಿಂದ ಬರಬೇಕು ಅನ್ನುವ ಚಿಂತೆ ನನ್ನನ್ನು ಬಿಟ್ಟಿಲ್ಲ. ಯಿಡ್ಡಿಷಿನ ಗತಿಯೇ ಕಣ್ಣಮುಂದಿದೆ. ಒಂದು ಕೋಟಿಗೂ ಹೆಚ್ಚು ಜನ ಆಡುತ್ತಿದ್ದ ಮಾತು. ಹಿಟ್ಲರನ ಕಾಲದಲ್ಲಿ ಕೊಲೆಯಾದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಆ ಮಾತಿನವರೇ.

ಎಲ್ಲಿದ್ದೆ? ಹಾಂ, ಟೆವ್ಯೆ.

ಅವನಿಗೆ ಹೆಣ್ಣುಮಕ್ಕಳು, ಸಾಲು ಸಾಲು. ದೊಡ್ಡವಳು ತ್ಸೈಟೆಲ್. ಊರಿನ ಕಸಾಯಿಯವನು ಲಾಝರ್ ವೋಲ್ಫ್, ಹೆಂಡತಿ ಸತ್ತವನು, ವಯಸ್ಸಾದವನು, ದುಡ್ಡುಳ್ಳವನು. ಅವನು ಟೆವ್ಯೆಯನ್ನು ಕರೆಸಿ, ನಿನ್ನ ಹತ್ತಿರ ಇರುವುದನ್ನು ನನಗೆ ಕೊಡು, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಅವನು ಕೇಳುತ್ತಿರುವುದು ಮಗಳನ್ನು. ಟೆವ್ಯೆ ಅಂದುಕೊಂಡಿರುವುದು ಹಸುವನ್ನು. ಇಬ್ಬರೂ ಬೇರೆ ಬೇರೆ ಮಾತಾಡುತ್ತಾ ಬಹಳ ದೂರ ಹೋಗುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅವ್ವ ನಕ್ಕು ನಕ್ಕು ಕೆಮ್ಮಿದಳು, ಮಾವಿನ ರಸ ಸೀರೆಗೆ ಬಿತ್ತು. ಮೇಷ್ಟ್ರು ತೊಡೆ ತಟ್ಟಿ, “ಇದು ಅಂಗೇ ಸೀನು! ಏನೂ ಬದ್ಲಾಯಿಸೋದು ಬ್ಯಾಡ” ಅಂದರು. ಅಲ್ಲಿಯವರೆಗೂ ನಾನು ಕಥೆ ಹೇಳುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಅವರು ಆಗಲೇ ಮನಸ್ಸಿನಲ್ಲಿ ಪರದೆ ಕಟ್ಟಲು ಶುರುಮಾಡಿದ್ದರು.

ಮಗಳಿಗೆ ಮನಸ್ಸಿರುವುದು ಬಡ ದರ್ಜಿಯ ಮೇಲೆ. ಟೆವ್ಯೆ ಒಪ್ಪಿದ, ಸರಿ. ಹೆಂಡತಿ ಗೋಲ್ಡೆಯನ್ನು ಒಪ್ಪಿಸುವುದು ಹೇಗೆ? ರಾತ್ರಿ ಕೂಗಿಕೊಂಡು ಎದ್ದು, ಕನಸು ಬಿತ್ತು ಅಂತ ಹೇಳುತ್ತಾನೆ. ಕನಸಲ್ಲಿ ಸತ್ತ ಅಜ್ಜಿ ಬಂದು ದರ್ಜಿಗೇ ಕೊಡು ಅಂದಳು, ಕಸಾಯಿಯವನ ಸತ್ತ ಹೆಂಡತಿ ಬಂದು ಕುತ್ತಿಗೆ ಹಿಸುಕುತ್ತೇನೆ ಅಂದಳು. ಇದನ್ನು ಅವನು ಕಟ್ಟಿ ಹೇಳಿದ್ದು ಅಂದೆ. ಅವ್ವ ಒಪ್ಪಲೇ ಇಲ್ಲ. “ಕಟ್ಟಿ ಯೋಳ್ದೆ ಅಂತ ಅವ್ನು ಅಂದ್ಕಂಡವ್ನೆ. ಇರೀಕ್ರು ಬಂದೇ ಇರ್ತಾರೆ” ಅಂದಳು. ಈ ಒಂದು ಮಾತಿನಲ್ಲಿ ಆ ದೃಶ್ಯ ನನಗೆ ಹೊಸದಾಯಿತು. ರಂಗದ ಮೇಲೆ ನಗೆಪಾಟಲಾಗಿ ಆಡುವ ಆ ಕನಸನ್ನು, ನಿಜವಾಗಿ ಹಿರಿಯರೇ ಬಂದಂತೆ ಆಡಿದರೆ ಹೇಗಿರುತ್ತದೆ ಅಂತ ಇಂದಿಗೂ ಯೋಚಿಸುತ್ತೇನೆ.

ನಡುವೆ ಮೇಷ್ಟ್ರು ಒಂದು ದೊಡ್ಡ ಪ್ರಶ್ನೆ ಎತ್ತಿದರು. “ಇದನ್ನೆಲ್ಲ ಯೋಳ್ತಿರೋದು ಯಾರು?” ಅದು ಕಸುಬಿನವರ ಪ್ರಶ್ನೆ. ಪುಸ್ತಕದಲ್ಲಿ ಇಡೀ ಕಥೆ ಟೆವ್ಯೆಯ ಬಾಯಲ್ಲೇ ಬರುತ್ತದೆ. ಎದುರಿಗೆ ಕೂತು ಕೇಳುವವನು ಸ್ವತಃ ಬರಹಗಾರ ಶೋಲೆಮ್ ಅಲೈಖೆಮ್. 1894ರಲ್ಲಿ ಮೊದಲ ಕಥೆ ಬರೆದವನು ಸುಮಾರು ಇಪ್ಪತ್ತು ವರ್ಷ ಬಿಟ್ಟು ಬಿಟ್ಟು ಬರೆಯುತ್ತಾ ಹೋದ. ಬರೆಯುವವನಿಗೂ ವಯಸ್ಸಾಯಿತು, ಹೇಳುವವನಿಗೂ ವಯಸ್ಸಾಯಿತು. ಟೆವ್ಯೆ ಮಾತುಮಾತಿಗೂ ಧರ್ಮಗ್ರಂಥದ ವಾಕ್ಯ ಎಳೆದು ತಂದು, ತನಗೆ ಬೇಕಾದಂತೆ ತಿರುಚಿ, ದೇವರ ಜೊತೆ ವಾದಕ್ಕೆ ಕೂರುತ್ತಾನೆ. ಅಂಥ ಒಬ್ಬನೇ ಮಾತಾಡುವ ಪುಸ್ತಕವನ್ನು ರಂಗಕ್ಕೆ ತರುವುದು ಸುಲಭದ ಕೆಲಸವಲ್ಲ. ಸ್ಟೈನ್ ಮಾಡಿದ್ದು ಇಷ್ಟು: ಕೇಳುವ ಬರಹಗಾರನನ್ನು ತೆಗೆದ, ಆ ಜಾಗದಲ್ಲಿ ಪ್ರೇಕ್ಷಕರನ್ನೂ ದೇವರನ್ನೂ ಕೂರಿಸಿದ. ಹೆಣ್ಣುಮಕ್ಕಳಲ್ಲಿ ಮೂವರ ಮದುವೆಯನ್ನೇ ಹಿಡಿದು ಉಳಿದವರನ್ನು ಚಿಕ್ಕ ಹುಡುಗಿಯರಾಗಿ ಬಿಟ್ಟ. ಪುಸ್ತಕದಲ್ಲಿ ಶ್ಪ್ರಿಂಟ್ಸೆ ಅನ್ನುವವಳು ನೀರಿಗೆ ಬೀಳುತ್ತಾಳೆ, ಆ ದುಃಖವನ್ನು ನಾಟಕ ಮುಟ್ಟಲೇ ಇಲ್ಲ. 1964ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಅದು ಮೂರು ಸಾವಿರಕ್ಕೂ ಹೆಚ್ಚು ಆಟ ಕಂಡಿತು. ಟೋಕಿಯೊದಲ್ಲಿ ಆಡಿದಾಗ ಅಲ್ಲಿನ ನಿರ್ಮಾಪಕರು ಸ್ಟೈನನ್ನು ಕೇಳಿದರಂತೆ, ಇಷ್ಟೊಂದು ಜಪಾನೀ ಕಥೆ ಅಮೆರಿಕದವರಿಗೆ ಅರ್ಥವಾಗುತ್ತಾ ಅಂತ.

ಸೂರಿನ ಮೇಲೆ ಪಿಟೀಲು ಹಿಡಿದು ಕೂತವನ ಚಿತ್ರ ಮಾರ್ಕ್ ಶಗಾಲನ ವರ್ಣಚಿತ್ರಗಳಿಂದ ಬಂತು ಅಂತ ಹೇಳಿದೆ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ವಾದ್ಯದವನನ್ನು ಪಕ್ಕದಲ್ಲಿ ಕೂರಿಸದೆ ಮೇಲೆ ಕೂರಿಸಿದರಲ್ಲ, ಆ ಜನಕ್ಕೆ ಮರ್ಯಾದೆ ಗೊತ್ತು ಅಂದರು.

ಎರಡನೆಯವಳು ಹೋಡೆಲ್. ಕ್ರಾಂತಿಯ ಹುಡುಗನನ್ನು ಮೆಚ್ಚಿ, ಅವನನ್ನು ಸರ್ಕಾರ ದೂರದ ಸೆರೆಗೆ ಕಳಿಸಿದಾಗ ಹಿಂದೆಯೇ ಹೊರಟಳು. ಅಪ್ಪನೇ ಗಾಡಿ ಕಟ್ಟಿ ಸ್ಟೇಷನ್ನಿಗೆ ಬಿಟ್ಟು ಬಂದ. ಇಲ್ಲಿ ಜಗಲಿ ಸುಮ್ಮನಾಯಿತು. ಊಟಕ್ಕೆ ಏಳೋಣ ಅಂತ ಯಾರೋ ಅಂದರು. ಮುದ್ದೆ ತಟ್ಟೆಗೆ ಬಿತ್ತು, ಬಸ್ಸಾರು ಮೇಲೆ ಬಿತ್ತು, ತಟ್ಟೆ ಹಿಡಿದುಕೊಂಡೇ ಮತ್ತೆ ಜಗಲಿಗೆ ಬಂದು ಕೂತರು. ಪಕ್ಕದ ಮನೆಯ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗೆ ಹೋಗುವ ತಮಿಳು ಹುಡುಗ ರಾತ್ರಿ ಪಾಳಿಗೆ ಹೊರಟವನು, ಮೂರನೆಯವಳ ಕಥೆ ಕೇಳಿಯೇ ಹೋಗುತ್ತೇನೆ ಅಂತ ಬೈಕ್ ನಿಲ್ಲಿಸಿದ.

ಮೂರನೆಯವಳು ಖಾವ. ಅವಳು ಮೆಚ್ಚಿದ್ದು ಕ್ರೈಸ್ತ ಹುಡುಗನನ್ನು. ಮನೆ ಬಿಟ್ಟು ಹೋಗಿ ಮದುವೆಯಾದಳು. ಟೆವ್ಯೆ ಅವಳು ಸತ್ತಳೆಂದೇ ಸೂತಕ ಕೂತ. ಆಮೇಲೊಂದು ದಿನ ಕಾಡಿನ ದಾರಿಯಲ್ಲಿ ಗಾಡಿಗೆ ಎದುರಾಗಿ, ಕುದುರೆಯ ಲಗಾಮು ಹಿಡಿದು, ಅಪ್ಪ ಒಂದು ಮಾತು ಕೇಳು ಅನ್ನುತ್ತಾಳೆ. ಅವನು ಕುದುರೆಗೆ ಹೊಡೆದು ಹೋಗಿಬಿಡುತ್ತಾನೆ. ಹೋಗುತ್ತಾ ಹೋಗುತ್ತಾ ಕರುಳು ಹಿಂದಕ್ಕೇ ಎಳೆಯುತ್ತದೆ.

ಆ ಜಗಲಿಯಲ್ಲಿ ಒಬ್ಬ ತಾಯಿ ಕೂತಿದ್ದಳು. ಅವಳ ಮಗಳೂ ಹಾಗೆಯೇ ಹೋದವಳು. ಊರಿಗೆಲ್ಲ ಗೊತ್ತಿದ್ದ ವಿಷಯ, ಯಾರೂ ಆಡದ ವಿಷಯ. ಕಥೆ ಇಲ್ಲಿಗೆ ಬರುತ್ತದೆ ಅಂತ ನನಗೆ ಗೊತ್ತಿತ್ತು, ಅವಳು ಕೂತಿದ್ದಾಳೆ ಅಂತಲೂ ಗೊತ್ತಿತ್ತು. ದಾರಿ ತಪ್ಪಿಸಿ ಬೇರೆ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ, ಕಥೆಗೆ ಆ ಅನ್ಯಾಯ ಮಾಡಬಾರದು ಅನ್ನಿಸಿತು.

ಅವಳೇ ಕೇಳಿದಳು: “ಆಮ್ಯಾಲೆ ಬಂದ್ಲಾ?”

ಬಂದಳು ಅಂದೆ. ಆದರೆ ಬಂದದ್ದು ಒಂದೊಂದು ಕಡೆ ಒಂದೊಂದು ಥರ.

ಪುಸ್ತಕದಲ್ಲಿ, ಯಹೂದಿಗಳೆಲ್ಲ ಹಳ್ಳಿ ಬಿಡಬೇಕೆಂದು ಸರ್ಕಾರದ ಆಜ್ಞೆ ಬಂದು ಟೆವ್ಯೆ ಗಂಟುಮೂಟೆ ಕಟ್ಟುವಾಗ ಖಾವ ಬಂದು ನಿಲ್ಲುತ್ತಾಳೆ, ನಿಮ್ಮ ಜೊತೆಯೇ ಬರುತ್ತೇನೆ ಅನ್ನುತ್ತಾಳೆ. ಅಪ್ಪ ಏನು ಮಾಡಿದ ಅಂತ ಟೆವ್ಯೆ ನೇರವಾಗಿ ಹೇಳುವುದಿಲ್ಲ. ಎದುರಿಗೆ ಕೂತ ಬರಹಗಾರನನ್ನೇ ಕೇಳುತ್ತಾನೆ, ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ ಅಂತ. 1939ರಲ್ಲಿ ಮಾರಿಸ್ ಶ್ವಾರ್ಟ್ಸ್ ಅನ್ನುವ ದೊಡ್ಡ ಯಿಡ್ಡಿಷ್ ನಟ ತಾನೇ ಟೆವ್ಯೆಯಾಗಿ ಅಮೆರಿಕದಲ್ಲಿ ಸಿನಿಮಾ ಮಾಡಿದ. ಅದರಲ್ಲಿ ಖಾವ ಗಂಡನನ್ನು ಬಿಟ್ಟು ಬಂದು ತೌರು ಸೇರುತ್ತಾಳೆ, ಅಪ್ಪ ಸೇರಿಸಿಕೊಳ್ಳುತ್ತಾನೆ. ಅದೇ ವರ್ಷ ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ಆ ಹೊತ್ತಿನಲ್ಲಿ ಆ ಜನಕ್ಕೆ ಬೇರೆ ಕೊನೆ ಕಾಣಲು ಸಾಧ್ಯವಿತ್ತು ಅಂತ ನನಗೆ ತೋಚುವುದಿಲ್ಲ. 1964ರ ಅಮೆರಿಕದ ನಾಟಕದಲ್ಲಿ ಖಾವ ಗಂಡನ ಜೊತೆಯೇ ಬಂದು, ನಾವೂ ಈ ಊರು ಬಿಡುತ್ತೇವೆ ಅನ್ನುತ್ತಾಳೆ. ಅಪ್ಪ ತಿರುಗಿ ನೋಡುವುದಿಲ್ಲ. ದೊಡ್ಡ ಮಗಳ ಕಡೆ ಮುಖಮಾಡಿ ಮೆಲ್ಲಗೆ, ದೇವರು ಅವರ ಜೊತೆಗಿರಲಿ ಅಂತ ಹೇಳುತ್ತಾನೆ. ಅಷ್ಟೇ.

ಕಾಯ್ಕಿಣಿಯವರು ಅದನ್ನು ದೇಶ ಇಬ್ಭಾಗವಾದ ಕಾಲದ ಮುಸ್ಲಿಂ ಮನೆಗೆ ತಂದರು. ಅದಕ್ಕಿಂತ ತಕ್ಕ ಮನೆ ನಮ್ಮ ದೇಶದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹುಟ್ಟಿದ ಊರು ರಾತ್ರೋರಾತ್ರಿ ನಿನ್ನದಲ್ಲ ಅಂದರೆ ಆಗುವ ನೋವು ಆ ಕಾಲದವರಿಗೆ ಗೊತ್ತು.

ಹೇಳಿ ಮುಗಿಸುವಾಗ ನನಗೇ ಒಂದು ತಿಳಿಯಿತು. ಪುಸ್ತಕ ಪ್ರಶ್ನೆ ಕೇಳಿ ಸುಮ್ಮನಾಗಬಹುದು. ರಂಗಕ್ಕೆ ಆ ಸೌಕರ್ಯ ಇಲ್ಲ. ಮಗಳು ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಅಪ್ಪನ ವೇಷದವನು ಅಲ್ಲೇ ಇದ್ದಾನೆ. ಅವನು ಕೈ ಚಾಚಬೇಕು, ಇಲ್ಲ ಚಾಚಬಾರದು. ಮುಖ ತಿರುಗಿಸಬೇಕು, ಇಲ್ಲ ತಿರುಗಿಸಬಾರದು. ಏನೂ ಮಾಡದೆ ನಿಂತರೂ ಅದು ಒಂದು ಉತ್ತರವೇ. ಹಳೆಯ ಕಾದಂಬರಿಯನ್ನು ಇಂದಿನ ರಂಗಕ್ಕೆ ತರುವವರು ಭಾಷೆ, ವೇಷ, ಊರು ಎಲ್ಲ ಬದಲಿಸಬಹುದು, ನಿಜವಾದ ಕೆಲಸ ಇರುವುದು ಆ ಬಾಗಿಲ ಹತ್ತಿರ. ಒಂದೊಂದು ಊರು ಒಂದೊಂದು ಕಾಲ ಅಲ್ಲಿ ತನ್ನ ಉತ್ತರ ಹೇಳಿಕೊಳ್ಳಬೇಕು. ಮೇಷ್ಟ್ರಿಗೆ ನಾನು ಇದನ್ನು ಹೇಳಿದಾಗ ಅವರು ಮತ್ತೆ ಆನವಟ್ಟಿಗೆ ಹೋದರು. “ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಅಲ್ಲಿ ಕೂತಿದ್ದೋರ್ಗೆ ಕೊನೇಗೆ ಏನಾಯ್ತು ಅಂತ ಗೊತ್ತಾಗ್ಲೇ ಇಲ್ವಲ್ಲಪ್ಪ.”

“ನಮ್ಮೂರಾಗೆ ಆಡಿದ್ರೆ ಅಪ್ಪ ಏನ್ಮಾಡ್ಬೇಕು?” ಆ ತಾಯಿಯೇ ಕೇಳಿದ್ದು. ಯಾರ ಕಡೆಗೂ ನೋಡಲಿಲ್ಲ.

ಯಾರೂ ಬಾಯಿ ಬಿಡಲಿಲ್ಲ. ಅವ್ವ ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡು ಹೇಳಿದಳು: “ಅಪ್ಪನ್ನ ಯಾಕ್ ಕೇಳ್ತೀರಾ? ದಾರಿ ನಡ್ಕಂಡು ಬಂದವ್ಳೆ. ಮೊದ್ಲು ಉಣ್ಣಾಕಿಕ್ಲಿ. ಅಳಿಯಂಗೂ ಇಕ್ಲಿ. ಮಾತು ಆಮ್ಯಾಲೆ.”

ಶೋಲೆಮ್ ಅಲೈಖೆಮನೂ ಶ್ವಾರ್ಟ್ಸನೂ ಸ್ಟೈನನೂ ಆ ಕೊನೆಯನ್ನು ಅಪ್ಪನ ಕೈಗೇ ಕೊಟ್ಟಿದ್ದರು. ಅವ್ವ ಅದನ್ನು ಒಲೆಯ ಹತ್ತಿರ ಇದ್ದವಳ ಕೈಗೆ ಕೊಟ್ಟಳು. ಇದಕ್ಕಿಂತ ದೊಡ್ಡ ರೂಪಾಂತರವನ್ನು ನಾನು ಯಾವ ರಂಗಮಂದಿರದಲ್ಲೂ ಕಂಡಿಲ್ಲ.

ಮೇಷ್ಟ್ರು ಒಪ್ಪಲಿಲ್ಲ. ಅಷ್ಟು ದೊಡ್ಡ ಸೀನಿನಲ್ಲಿ ಅಪ್ಪನಿಗೆ ಒಂದು ಸೀಸಪದ್ಯ ಇಲ್ಲದಿದ್ದರೆ ಹೇಗೆ? ಊಟ ಬಡಿಸುವಷ್ಟು ಹೊತ್ತು ಪದ್ಯ ಇಲ್ಲದೆ ಆಟ ನಿಲ್ಲುತ್ತಾ? ಜನ ಎದ್ದು ಟೀ ಅಂಗಡಿಗೆ ಹೋಗುತ್ತಾರೆ. ನಿಲ್ಲುತ್ತದೆ ಮೇಷ್ಟ್ರೇ, ಈಗಿನ ನಾಟಕದವರು ಸುಮ್ಮನೆ ನಿಂತು ತೋರಿಸುವುದನ್ನು ಕಲಿತಿದ್ದಾರೆ ಅಂದೆ. ಅವ್ವ, ಉಣ್ಣುವವರ ಮುಂದೆ ಹಾಡಬಾರದು ಅಂದಳು. ವಾದ ಬೆಳೆಯಿತು. ಸಿಪ್‌ಕಾಟ್ ಹುಡುಗ ಪಾಳಿಗೆ ತಡವಾಯಿತೆಂದು ಎದ್ದವನು, ಹೋಗುವಾಗ ಅವ್ವನ ಪಕ್ಷಕ್ಕೆ ಒಂದು ಓಟು ಹಾಕಿ ಹೋದ. ಕೊನೆಗೆ ಮೇಷ್ಟ್ರು, ಊಟ ಆದಮೇಲೆ ಕೈ ತೊಳೆಯುವಾಗ ಒಂದು ಕಂದಪದ್ಯ, ಅದಕ್ಕಿಂತ ಕಡಿಮೆಗೆ ಆಗುವುದಿಲ್ಲ ಅಂತ ಇಳಿದರು.

ಆಮೇಲೆ ಬಂತು ನಿಜವಾದ ತೊಡಕು. ಕುರುಕ್ಷೇತ್ರಕ್ಕೆ ದ್ರೌಪದಿ, ಕುಂತಿ, ಉತ್ತರೆ ಅಂತ ಸ್ತ್ರೀಪಾತ್ರದವರನ್ನು ಪಟ್ಟಣದಿಂದ ದುಡ್ಡು ಕೊಟ್ಟು ಕರೆಸುವುದು ನಮ್ಮ ಕಡೆ ರೂಢಿ. ಸೀನರಿ ಬಾಡಿಗೆಗಿಂತ ಅದೇ ಹೆಚ್ಚು. ಟೆವ್ಯೆಯ ಮನೆ ತುಂಬ ಹೆಂಗಸರು. ಊರಿನ ಹೆಣ್ಣುಮಕ್ಕಳೇ ಆಡಬೇಕು, ನಮ್ಮ ಮಾತಿನಲ್ಲೇ ಆಡಬೇಕು ಅನ್ನುವುದು ನನ್ನ ಹಠ. ಮೇಷ್ಟ್ರು ತಲೆ ಕೆರೆದುಕೊಂಡರು, ಮನೆಯವರು ಕಳಿಸುತ್ತಾರಾ ಅಂದರು. ಹಾಡಿಗೆ ಮಟ್ಟು ಹಾಕುವ ಕೆಲಸವನ್ನಂತೂ ಅವರು ಮಾರನೆಯ ದಿನವೇ ಶುರುಮಾಡಿದರು. ಹಸುವಿನ ಸೀನು ಬರೆದಾಗಿದೆ, ಕನಸಿನ ಸೀನು ಅವ್ವ ಹೇಳಿದಂತೆ ಬರೆದಾಗಿದೆ. ಖಾವ ಬರುವ ಸೀನಿಗೆ ಬಡಿಸುವುದು ಮುದ್ದೆಯೋ ಅನ್ನವೋ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅಳಿಯ ಮೊದಲ ಸಲ ಬಂದಿದ್ದಾನೆ, ಅನ್ನವೇ ಆಗಬೇಕು ಅಂತ ಆ ತಾಯಿ ಹೇಳುತ್ತಾಳೆ.